ದಲ್ಲಾಳಿ ಅಪ್ಪಯ್ಯಣ್ಣನ ಕಿರುಬೆರಳು

ಸೂಲಿಬೆಲೆಯ ದನದ ದಲ್ಲಾಳಿ ಅಪ್ಪಯ್ಯಣ್ಣನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ನಲವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ದೊಡ್ಡ ಮನಸ್ಸಿನವನಾಗಿದ್ದ ಎಂದೇನೂ ತಿಳಿಯಬೇಡಿ. ಹೊಟ್ಟೆಕಿಚ್ಚು ಪಡುವಷ್ಟು ಯೋಗ್ಯತೆಯಿರುವ ಮನುಷ್ಯ ಹೊಸಕೋಟೆ ತಾಲ್ಲೂಕಿನಲ್ಲಿ ಒಬ್ಬನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದು ಯಾವ ದಲ್ಲಾಳಿಗಾದರೂ ಬರುತ್ತದೆ. ಅಪ್ಪಯ್ಯಣ್ಣ ಎತ್ತಿನ ಜೊತೆಗೆ ಅದರ ಹಗ್ಗ ಹಿಡಿದು ನಿಂತವನ ಹಲ್ಲನ್ನೂ ಎಣಿಸಿಬಿಡುತ್ತಿದ್ದ. ಎತ್ತುಗಳಲ್ಲಿ ಎಷ್ಟು ಬಗೆಯೋ ಮನುಷ್ಯರಲ್ಲೂ ಅಷ್ಟೇ ಬಗೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎನ್ನುವುದು ಅವನ ಸಿದ್ಧಾಂತ. ಹಾಯುವ ಎತ್ತು ಹಾಯುವ ಮೊದಲು ಕಿವಿ ಹಿಂದಕ್ಕೆ ಮಾಡುತ್ತದೆ, ಸಿಟ್ಟಿನವನೂ ಬಾಯಿ ಬಿಡುವ ಮೊದಲು ಏನೋ ಒಂದು ಮಾಡೇ ಮಾಡುತ್ತಾನೆ. ಹುಲ್ಲು ಕಂಡಲ್ಲೆಲ್ಲ ಬಾಯಿ ಹಾಕುವ ಎತ್ತು ಆಸೆಬುರುಕ. ಇನ್ನು ಗೂಟಕ್ಕೆ ಕಟ್ಟಿದರೆ ಕಟ್ಟಿದ ಕಡೆಯೇ ದಿನವಿಡೀ ನಿಂತು ಮೆಲುಕು ಹಾಕುವ ಸಾಧು ಎತ್ತಿನಂಥವರೂ ಇದ್ದಾರೆ. ಅಂಥವರ ಮುಖವನ್ನು ಅಪ್ಪಯ್ಯಣ್ಣ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ನೋಡುವುದಕ್ಕೆ ಅಲ್ಲಿ ಏನಿರುತ್ತದೆ ಎಂದು ಕೇಳುತ್ತಿದ್ದ.

ಅವನ ಕಸುಬಿಗೆ ಒಂದು ಕಟ್ಟಳೆ ಇತ್ತು. ಸಂತೆಯಲ್ಲಿ ದನದ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ತನ್ನ ಹೆಗಲ ಟವಲನ್ನು ಮಾರುವವನ ಕೈಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳಿಕೊಳ್ಳುತ್ತಾನೆ. ಹಾಗೆಯೇ ಬಂದು ಕೊಳ್ಳುವವನ ಬೆರಳು ಅದುಮಿ ಹೇಳುತ್ತಾನೆ. ಎತ್ತಿಗೆ ಏನಾದರೂ ದೋಷವಿದ್ದರೆ ಕಿರುಬೆರಳನ್ನು ಮಡಚಿ ಒತ್ತಬೇಕು. ಆಗ ಕೊಳ್ಳುವವನು ಏನೋ ನೆಪ ಹೇಳಿ ಸರಿದುಕೊಳ್ಳುತ್ತಾನೆ, ಮಾರುವವನಿಗೆ ನಾಲ್ಕು ಜನರೆದುರು ಅವಮಾನವೂ ಆಗುವುದಿಲ್ಲ. ದಲ್ಲಾಳಿಯ ಬಾಯಿ ಏನು ಬೇಕಾದರೂ ಒದರಬಹುದು, ದೇವರಾಣೆಯನ್ನೂ ಹಾಕಬಹುದು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಟವಲಿನ ಕೆಳಗೆ ಬೆರಳು ಸುಳ್ಳಾಡಿತೋ, ಆ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ. ಅಪ್ಪಯ್ಯಣ್ಣ ಇಪ್ಪತ್ತೆರಡು ವರ್ಷ ಬಾಯಿ ತುಂಬ ಸುಳ್ಳು ಹೇಳಿದ್ದ, ಬೆರಳಿನಿಂದ ಒಂದೂ ಹೇಳಿರಲಿಲ್ಲ.

ಊರಿನ ದೊಡ್ಡ ಹಿಡುವಳಿದಾರ ಗೋಪಾಲಪ್ಪ ಎತ್ತು ಕೊಳ್ಳಲು ಹೊರಟರೆ ಗಾಡಿಯಲ್ಲಿ ಪಕ್ಕಕ್ಕೆ ಅಪ್ಪಯ್ಯಣ್ಣ ಕೂರಲೇಬೇಕು. ಎತ್ತು ಆರಿಸುವುದೂ ಅವನೇ, ಗೋಪಾಲಪ್ಪನ ಪರವಾಗಿ ಟವಲಿನ ಕೆಳಗೆ ಕೈ ಕೊಡುವುದೂ ಅವನೇ. ಹನ್ನೆರಡು ವರ್ಷದಿಂದ ನಡೆದುಬಂದ ಪದ್ಧತಿ. ಊರ ಬೀದಿಯಲ್ಲಿ ಆ ಗಾಡಿಯ ಮುಂಭಾಗದಲ್ಲಿ ಕೂತು ಹೋಗುವಾಗ ಅಪ್ಪಯ್ಯಣ್ಣ ಬೇಕೆಂದೇ ಯಾರನ್ನಾದರೂ ಮಾತಾಡಿಸಿ ಗಾಡಿ ನಿಧಾನ ಮಾಡಿಸುತ್ತಿದ್ದ. ಅವನ ಮರ್ಯಾದೆಯೆಲ್ಲ ಆ ಒಂದು ಜಾಗದಲ್ಲಿತ್ತು.

ಸಂತೆಯಿಲ್ಲದ ದಿನ ಮಧ್ಯಾಹ್ನ ಅವನು ಪಾಪಯ್ಯನ ಹೋಟೆಲಿನ ಹಿಂದಿನ ಹೊಂಗೆಮರದ ಕೆಳಗೆ ಸಿಗುತ್ತಿದ್ದ. ಅಲ್ಲಿ ಹುಣಸೆಬೀಜ ಪಣವಿಟ್ಟು ಮೂರೆಲೆ ಇಸ್ಪೀಟು ಆಡುವ ನಾಲ್ಕೈದು ಜನ ಸೇರುತ್ತಿದ್ದರು. ಬೀಜ ಗೆದ್ದರೆ ಬಡತನ ತೀರುವುದಿಲ್ಲ ನಿಜ, ಆದರೆ ಗೆದ್ದವನಿಗೆ ಪಾಪಯ್ಯ ಮೊದಲ ಲೋಟ ಬೆಲ್ಲದ ಕಾಫಿ ತಂದುಕೊಡುತ್ತಿದ್ದ. ಆ ಲೋಟ ಅಪ್ಪಯ್ಯಣ್ಣನ ಕೈ ಬಿಟ್ಟು ಹೋದದ್ದು ಯಾರಿಗೂ ನೆನಪಿಲ್ಲ. ಒಳ್ಳೆಯ ಎಲೆ ಬಂದರೆ ಪಾಪಯ್ಯನಿಗೆ ತಡೆಯಲಾರದಷ್ಟು ನಗು. ಆದಿನಾರಾಯಣಪ್ಪ ಎಂಬ ಬಟ್ಟೆಯಂಗಡಿಯವನು ಕೆಟ್ಟ ಎಲೆ ಬಂದರೆ ದೇವರ ಹೆಸರು ಹೇಳುತ್ತಿದ್ದ. ಇವರನ್ನು ಗೆಲ್ಲುವುದಕ್ಕೆ ಅಪ್ಪಯ್ಯಣ್ಣ ತನ್ನ ಎಲೆ ನೋಡಿಕೊಳ್ಳುವುದೂ ಬೇಕಿರಲಿಲ್ಲ. ಕೈಯಲ್ಲಿ ಏನೂ ಇಲ್ಲದಾಗ ಮೀಸೆ ತಿರುವಿ ಎದೆಯುಬ್ಬಿಸಿ ಕೂರುತ್ತಿದ್ದ, ಎಕ್ಕ ರಾಜ ಕೂಡಿ ಬಂದಾಗ ತಲೆಯ ಮೇಲೆ ಕೈ ಹೊತ್ತು ನಿಟ್ಟುಸಿರು ಬಿಡುತ್ತಿದ್ದ. ನಾಟಕದವರು ಅವನ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಿತ್ತು.

ಹೀಗಿರುವಾಗ ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಲಕ್ಷ್ಮಯ್ಯ ಊರಿಗೆ ಬಂದ.

ಲಕ್ಷ್ಮಯ್ಯ ಕೆಳಗಿನ ಕೇರಿಯವನು. ಬೆಂಗಳೂರಿನ ಮಿಲಿಟರಿ ಕ್ಯಾಂಪಿನಲ್ಲಿ, ಬಿಳಿಯ ದೊರೆಗಳು ಉಣ್ಣುವ ಮನೆಯಲ್ಲಿ, ತಟ್ಟೆ ಹಿಡಿದು ನಿಲ್ಲುವ ಕೆಲಸ ನಾಲ್ಕು ವರ್ಷ ಮಾಡಿದ್ದ. ಕ್ಯಾಂಪು ಎತ್ತಿದರು, ಕೆಲಸ ಹೋಯಿತು. ಬರುವಾಗ ಒಂದು ಕಂಬಳಿ, ಒಂದು ಜೊತೆ ಬೂಟು, ಒಂದು ಕಟ್ಟು ಇಸ್ಪೀಟೆಲೆ ತಂದಿದ್ದ. ಸಣ್ಣ ಆಳು, ಮೆಲ್ಲನೆಯ ದನಿ, ಕರೆದರೆ ಬರುತ್ತಾನೆ, ಕೂರು ಅಂದರೆ ಕೂರುತ್ತಾನೆ. ಗೂಟಕ್ಕೆ ಕಟ್ಟಿದ ಎತ್ತು ಎಂದು ಅಪ್ಪಯ್ಯಣ್ಣ ಒಂದೇ ನೋಟಕ್ಕೆ ತೀರ್ಪು ಕೊಟ್ಟು, ಆಟಕ್ಕೆ ಒಂದು ಕೈ ಕಡಿಮೆಯಿದ್ದುದರಿಂದ ಅವನನ್ನೂ ಕೂರಿಸಿಕೊಂಡ.

ದೊರೆಗಳು ಆಡುತ್ತಿದ್ದ ಆಟವನ್ನು ಲಕ್ಷ್ಮಯ್ಯ ಅವರಿಗೆ ಹೇಳಿಕೊಟ್ಟ. ಅದರ ಹೆಸರು ಪೋಕರ್. ಒಬ್ಬೊಬ್ಬರಿಗೆ ಐದೆಲೆ. ಬೇಡದ್ದನ್ನು ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ಆಮೇಲೆ ಬೀಜ ಮುಂದಕ್ಕೆ ತಳ್ಳಬೇಕು. ಎದುರಿನವನು ತಳ್ಳಿದಷ್ಟೇ ನೀನೂ ತಳ್ಳಿದರೆ ಆಟದಲ್ಲಿ ಉಳಿಯುತ್ತೀಯ, ಧೈರ್ಯ ಸಾಲದಿದ್ದರೆ ಎಲೆ ಕವುಚಿಟ್ಟು ಸುಮ್ಮನಾಗಬೇಕು. ಇದು ತನಗೆಂದೇ ಹುಟ್ಟಿದ ಆಟ ಎಂದುಕೊಂಡು ಅಪ್ಪಯ್ಯಣ್ಣ ಚಕ್ಕಳಮಕ್ಕಳ ಹಾಕಿ ಕೂತ. ಎಡಗೈಯಲ್ಲಿ ಎಲೆ, ಬಲಗೈ ತೊಡೆಯ ಮೇಲೆ ಹರಡಿದ ಟವಲಿನ ಕೆಳಗೆ. ಅದು ಅವನ ಯಾವತ್ತಿನ ಭಂಗಿ.

ಲಕ್ಷ್ಮಯ್ಯ ಹತ್ತು ಆಟದಲ್ಲಿ ಎಂಟು ಸಲ ಎಲೆ ಕವುಚಿಟ್ಟ. ಹೀಗೂ ಒಬ್ಬ ಗಂಡಸು ಆಡುತ್ತಾನಾ ಎಂದು ಎಲ್ಲರೂ ನಕ್ಕರು, ಅವನೂ ಸ್ವಲ್ಪ ನಕ್ಕ. ಉಳಿದ ಎರಡು ಆಟದಲ್ಲಿ ಅಪ್ಪಯ್ಯಣ್ಣನ ಮುಂದಿದ್ದ ಬೀಜವೆಲ್ಲ ಅವನ ಕಡೆಗೆ ಹೋಯಿತು. ಅಪ್ಪಯ್ಯಣ್ಣನ ಕೈಯಲ್ಲಿ ನಿಜವಾಗಿ ಮೂರು ರಾಜ ಕೂತು, ಅವನು ಅಳುಮುಖ ಮಾಡಿದಾಗ ಲಕ್ಷ್ಮಯ್ಯ ತಣ್ಣಗೆ ಎಲೆ ಇಟ್ಟ. ಏನೂ ಇಲ್ಲದೆ ಅಪ್ಪಯ್ಯಣ್ಣ ಮೀಸೆ ತಿರುವಿದಾಗ ಅಷ್ಟೇ ತಣ್ಣಗೆ ಬೀಜ ಮುಂದಕ್ಕೆ ತಳ್ಳಿದ. ಆ ಮಧ್ಯಾಹ್ನ ಪಾಪಯ್ಯ ಮೊದಲ ಲೋಟ ಹಿಡಿದು ಬಂದವನು ಒಂದು ಗಳಿಗೆ ಇಬ್ಬರ ನಡುವೆ ನಿಂತು, ಲಕ್ಷ್ಮಯ್ಯನ ಕೈಗೆ ಕೊಟ್ಟ.

ಮೊದಲ ದಿನ ಅಪ್ಪಯ್ಯಣ್ಣ ಗ್ರಹಚಾರ ಅಂದುಕೊಂಡ. ಎರಡನೆಯ ವಾರ ಮೋಸ ಅಂದುಕೊಂಡ. ಎಲೆಗಳಿಗೆ ಗುರುತು ಮಾಡಿರಬೇಕೆಂದು ಆ ಕಟ್ಟನ್ನು ಮನೆಗೆ ತಂದು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ, ಮೂಸಿಯೂ ನೋಡಿದ. ಹೆಂಡತಿ ಪಿಳ್ಳಮ್ಮ ರಾಗಿ ಕೇರುತ್ತಾ ಇದೇನು ಹೊಸ ದನವೋ ಎಂದು ಕೇಳಿದಳು. ಹೊಸಕೋಟೆಗೆ ಹೋಗಿ ಅಂಗಡಿಯಿಂದ ಹೊಸ ಕಟ್ಟು ತಂದು, ಎಲ್ಲರೆದುರು ಅದರ ಕಾಗದ ಹರಿದ. ಆ ಹೊಸ ಕಟ್ಟಿನಲ್ಲೂ ಸೋತ.

ಆಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಊಟಕ್ಕೆ ಕೂತರೆ ಲಕ್ಷ್ಮಯ್ಯ, ಎತ್ತಿನ ಬಾಯಿ ತೆರೆದರೆ ಲಕ್ಷ್ಮಯ್ಯ. ತನಗೆ ಎಂದೂ ಅಷ್ಟು ಸಲೀಸಾಗಿ ಸಿಗದ ಮರ್ಯಾದೆ ಅವನಿಗೆ ಬಾಯಿ ಬಿಡದೆ ಸಿಗುತ್ತಿತ್ತು, ಅದು ಎಲ್ಲಕ್ಕಿಂತ ಉರಿ. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಸಂಪಾದಿಸಿದ್ದನ್ನು ಈ ಮೂಕಬಸವ ಕೂತಲ್ಲೇ ಎತ್ತಿಕೊಂಡುಬಿಟ್ಟ. ಆ ಮನುಷ್ಯ ಎಷ್ಟು ಸೌಮ್ಯ ಅಲ್ಲವಾ ಎಂದು ಪಿಳ್ಳಮ್ಮ ಒಂದು ದಿನ ಅಂದಿದ್ದಕ್ಕೆ ಅಪ್ಪಯ್ಯಣ್ಣ ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದ.

ಆ ಮುಖದಲ್ಲಿ ಏನಾದರೂ ಒಂದು ಕಂಡರೆ ಸಾಕು ಎಂದು ಅವನು ಹಟ ತೊಟ್ಟ. ಆಟದ ನಡುವೆ, ನಿನ್ನ ಕಡಸು ಹಗ್ಗ ಕಿತ್ತುಕೊಂಡು ಕೆರೆಯ ಕಡೆ ಓಡಿತಂತೆ ಎಂದು ಒಂದು ಬಾಂಬು ಹಾಕಿದ. ಲಕ್ಷ್ಮಯ್ಯ ಎಲೆ ಕವುಚಿಟ್ಟು ಎದ್ದು ಹೋದ. ಮನೆಯ ಮುಂದೆ ಕಡಸು ಕಟ್ಟಿದ ಕಡೆಯೇ ನಿಂತಿರುವುದನ್ನು ನೋಡಿ ಬಂದು, ಕೂತು, ಯಾರ ಸರದಿ ಎಂದು ಕೇಳಿದ. ಬಯ್ಯಲೂ ಇಲ್ಲ. ಬೈದಿದ್ದರೆ ಅಪ್ಪಯ್ಯಣ್ಣನಿಗೆ ಅವತ್ತು ನಿದ್ದೆ ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಹುಣಸೆಬೀಜದ ಜಗಳ ಎಂದು ಬಿಡಬಹುದಿತ್ತು. ಆದರೆ ಗೋಪಾಲಪ್ಪ ಒಂದು ಮಧ್ಯಾಹ್ನ ಹೊಂಗೆಮರದ ಕೆಳಗೆ ಬಂದು ನಿಂತು ಆಟ ನೋಡಿದ. ಸುಮಾರು ಹೊತ್ತು ನೋಡಿದ. ಹೋಗುವಾಗ, ಮುಂದಿನ ಸಂತೆಗೆ ಒಂದು ಜೊತೆ ಹಳ್ಳಿಕಾರ್ ಎತ್ತು ತರಬೇಕು, ಲಕ್ಷ್ಮಯ್ಯ ತನ್ನ ಜೊತೆ ಬರಲಿ ಎಂದ. ಅಪ್ಪಯ್ಯಣ್ಣನ ಕಡೆ ತಿರುಗಿ, ಬೇಸರ ಮಾಡಿಕೊಳ್ಳಬೇಡ ಎನ್ನುವ ದನಿಯಲ್ಲಿ ವಿವರಿಸಿದ.

“ನಿನ್ನ ನೋಡ್ತಿದ್ದಂಗೇ ಮಾರೋನು ಹುಷಾರಾಗ್ಬಿಡ್ತಾನೆ ಕಣಪ್ಪ. ಇವನ ಮುಖ ನೋಡಿದ್ರೆ ನನಗೆ ಎತ್ತು ಬೇಕೋ ಬೇಡ್ವೋ ಅಂತ ನನಗೇ ಗೊತ್ತಾಗಲ್ಲ. ನೀನು ಮಧ್ಯಸ್ತಿಕೆ ಮಾಡು, ಕೈ ಅವನು ಕೊಡ್ಲಿ.”

ಸಂತೆಯ ದಿನ ಗೋಪಾಲಪ್ಪನ ಗಾಡಿ ಬೀದಿಯಲ್ಲಿ ಹೋದದ್ದನ್ನು ಅಪ್ಪಯ್ಯಣ್ಣ ತನ್ನ ಜಗಲಿಯಿಂದ ನೋಡಿದ. ಪಕ್ಕದಲ್ಲಿ ಲಕ್ಷ್ಮಯ್ಯ ಬೂಟು ಹಾಕಿಕೊಂಡು ಕೂತಿದ್ದ, ಯಾರನ್ನೂ ಮಾತಾಡಿಸಲಿಲ್ಲ. ಅಪ್ಪಯ್ಯಣ್ಣ ಸಂತೆಗೆ ನಡೆದುಕೊಂಡು ಹೋದ.

ಸಂತೆಯಲ್ಲಿ ಗೋಪಾಲಪ್ಪನ ಕಣ್ಣಿಗೆ ಹಿಡಿಸಿದ್ದು ನಂದಗುಡಿ ಕಡೆಯ ಮುನಿಶಾಮಪ್ಪ ತಂದಿದ್ದ ಜೋಡಿ. ನೋಡಲು ದೃಷ್ಟಿಯಾಗುವಂಥ ಎತ್ತುಗಳು. ಆದರೆ ಬಲಗಡೆಯದನ್ನು ಎರಡು ವರ್ಷದ ಕೆಳಗೆ ಅಪ್ಪಯ್ಯಣ್ಣನೇ ದೋಷ ತಿಳಿಯದೆ ಒಬ್ಬರಿಗೆ ಕೊಡಿಸಿ, ವಾಪಸು ಬಂದದ್ದನ್ನೂ ಕಂಡಿದ್ದ. ಅದು ನೊಗ ಹೂಡಿ ಹತ್ತು ಮಾರು ನಡೆದರೆ ಮಲಗಿಬಿಡುವ ಎತ್ತು, ಬಾಲ ತಿರುವಿದರೂ ಏಳದು. ಮುನಿಶಾಮಪ್ಪನಿಗೂ ಅದು ಗೊತ್ತಿತ್ತು. ಟವಲಿನ ಕೆಳಗೆ ಅವನು ಬೆಲೆಯ ಜೊತೆಗೆ ಕಿರುಬೆರಳನ್ನೂ ಮಡಚಿ ಪ್ರಾಮಾಣಿಕವಾಗಿ ಹೇಳಿದ.

ಅಪ್ಪಯ್ಯಣ್ಣ ಅಲ್ಲಿಂದ ಲಕ್ಷ್ಮಯ್ಯನ ಕಡೆಗೆ ಬರಲು ಇಟ್ಟಿದ್ದು ಏಳೆಂಟು ಹೆಜ್ಜೆ. ಅಷ್ಟರಲ್ಲಿ ಅವನ ತಲೆಯಲ್ಲಿ ಎಲ್ಲವೂ ಕೂಡಿಬಂತು. ಕಿರುಬೆರಳು ಮಡಚದೆ ಬೆಲೆ ಮಾತ್ರ ಹೇಳಿದರೆ ಇವನು ಒಪ್ಪುತ್ತಾನೆ. ನಾಳೆ ಗೋಪಾಲಪ್ಪನ ಹೊಲದಲ್ಲಿ ಎತ್ತು ಮಲಗುತ್ತದೆ, ಊರೆಲ್ಲ ನಗುತ್ತದೆ. ಲಕ್ಷ್ಮಯ್ಯ ದೂರಿದರೆ, ನಾನು ಮಡಚಿದ್ದೆ, ಇಸ್ಪೀಟಿನವನಿಗೆ ತಿಳಿಯಲಿಲ್ಲ ಎಂದರೆ ಆಯಿತು. ಟವಲಿನ ಕೆಳಗೆ ನಡೆದದ್ದಕ್ಕೆ ಸಾಕ್ಷಿ ಯಾರು? ಇಪ್ಪತ್ತೆರಡು ವರ್ಷದ ಕೈಯನ್ನು ನಂಬುತ್ತಾರೋ, ನಿನ್ನೆ ಬಂದವನನ್ನೋ?

ಟವಲು ಹಾಕಿ ಲಕ್ಷ್ಮಯ್ಯನ ಕೈ ಹಿಡಿದು ಬೆಲೆ ಅದುಮಿದ. ಕಿರುಬೆರಳನ್ನು ನೆಟ್ಟಗೆ ಇಟ್ಟ. ಅದನ್ನು ನೆಟ್ಟಗೆ ಇಡುವುದು ಅಷ್ಟು ಕಷ್ಟವಾದೀತೆಂದು ಅವನು ಎಣಿಸಿರಲಿಲ್ಲ. ಇಷ್ಟು ವರ್ಷ ತಾನಾಗಿ ಮಡಚಿಕೊಳ್ಳುತ್ತಿದ್ದ ಬೆರಳು ಈಗಲೂ ಮಡಚಿಕೊಳ್ಳಲು ಹವಣಿಸಿ ಸೆಟೆದು ನಿಂತಿತ್ತು. ಲಕ್ಷ್ಮಯ್ಯನ ಹೆಬ್ಬೆರಳು ಅದರ ಮೇಲೆ ಬಂದು ಒಂದು ಗಳಿಗೆ ನಿಂತಿತು. ಅಪ್ಪಯ್ಯಣ್ಣ ಅವನ ಮುಖ ನೋಡಿದ, ಅಲ್ಲಿ ಯಾವತ್ತಿನಂತೆ ಏನೂ ಇರಲಿಲ್ಲ.

ಲಕ್ಷ್ಮಯ್ಯ ಕೈ ಬಿಡಿಸಿಕೊಂಡು ಗೋಪಾಲಪ್ಪನ ಕಡೆ ತಿರುಗಿದ. “ನಂಗೆ ಬೆರಳ ಮಾತು ಸರಿಯಾಗಿ ತಿಳೀಲಿಲ್ಲ ಯಜಮಾನ್ರೇ. ಅಪ್ಪಯ್ಯಣ್ಣನೋರೇ ಬಾಯಲ್ಲಿ ಹೇಳ್ಬಿಡ್ಲಿ. ಅವರು ತಗೊಳ್ಳಿ ಅಂದ್ರೆ ತಗೊಳ್ಳಿ, ಬ್ಯಾಡ ಅಂದ್ರೆ ಬ್ಯಾಡ.”

ಅಷ್ಟು ಹೇಳಿ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತ. ಗೋಪಾಲಪ್ಪ ಅಪ್ಪಯ್ಯಣ್ಣನ ಮುಖ ನೋಡಿದ. ಸುತ್ತ ನಿಂತಿದ್ದ ಜನರೂ ನೋಡಿದರು. ತಗೊಳ್ಳಿ ಎಂದರೆ ನಾಳೆ ಎತ್ತು ಮಲಗುವುದು ತನ್ನ ಹೆಸರಿನ ಮೇಲೆ. ಬೇಡ ಎಂದರೆ ಗೆದ್ದ ಆಟವನ್ನು ಕೈಯಾರೆ ಚೆಲ್ಲಿದಂತೆ. ಯಾವ ಕಡೆ ತಿರುಗಿದರೂ ಆ ಸಾಧುಪ್ರಾಣಿ ಬಾಗಿಲು ಹಾಕಿಟ್ಟಿದ್ದ.

“ಬ್ಯಾಡ ಯಜಮಾನ್ರೇ,” ಎಂದ ಅಪ್ಪಯ್ಯಣ್ಣ. ಅವನ ಗಂಟಲು ಅಷ್ಟು ಸಣ್ಣಗೆ ಮಾತಾಡಿದ್ದನ್ನು ಆ ಸಂತೆ ಕೇಳಿರಲಿಲ್ಲ. “ಬಲಗಡೇದು ನೊಗದಾಗೆ ಮಲಗ್ತದೆ.”

ಮುನಿಶಾಮಪ್ಪ ಉಗುಳಿ, ಎತ್ತುಗಳನ್ನು ಎಳೆದುಕೊಂಡು ಹೋದ. ನಾಲ್ಕು ಜನರೆದುರು ಮಾನ ತೆಗೆದ ದಲ್ಲಾಳಿಯ ಕಡೆ ಅವನು ಇನ್ನು ಬರುವವನಲ್ಲ. ಗೋಪಾಲಪ್ಪ ಮಾತ್ರ ಅಪ್ಪಯ್ಯಣ್ಣನ ಬೆನ್ನು ತಟ್ಟಿದ. ಹಾಗಿದ್ದರೆ ಬೆರಳಲ್ಲಿ ಯಾಕೆ ಹೇಳಲಿಲ್ಲ ಎಂದು ಯಾರೋ ಕೇಳಿದರು. ಅದಕ್ಕೆ ಲಕ್ಷ್ಮಯ್ಯನೇ ಉತ್ತರ ಕೊಟ್ಟ. ಅವರು ಬೆರಳಲ್ಲಿ ಹೇಳಿದ್ದರು, ತನಗೇ ಅಭ್ಯಾಸವಿಲ್ಲದೆ ತಿಳಿಯಲಿಲ್ಲ, ತಪ್ಪು ತನ್ನದು ಎಂದ. ಆ ಸುಳ್ಳನ್ನು ಅವನು ನೀರು ಕುಡಿದಷ್ಟು ಸುಲಭವಾಗಿ ಹೇಳಿದ. ಹಸುಗೂಸಿನಂಥ ಮುಖ ಹಾಗೆಯೇ ಇತ್ತು.

ಗೋಪಾಲಪ್ಪ ಅಲ್ಲೇ ತೀರ್ಮಾನ ಮಾಡಿದ. ಇಸ್ಪೀಟು ಬೇರೆ, ಎತ್ತು ಬೇರೆ, ಇನ್ನು ಮುಂದೆ ಅಪ್ಪಯ್ಯಣ್ಣನಿಲ್ಲದೆ ಸಂತೆಯ ಕಡೆ ತಲೆ ಹಾಕುವುದಿಲ್ಲ ಎಂದ. ವಾಪಸು ಬರುವಾಗ ಗಾಡಿಯಲ್ಲಿ ಅವನ ಪಕ್ಕ ಅಪ್ಪಯ್ಯಣ್ಣ ಕೂತ. ಲಕ್ಷ್ಮಯ್ಯ ಹಿಂದೆ ಹುಲ್ಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಅಪ್ಪಯ್ಯಣ್ಣನಿಗೆ ಬೇಕಾದ ಜಾಗ ಸಿಕ್ಕಿತ್ತು, ಅದರಲ್ಲಿ ಕೂರಲಾಗುತ್ತಿರಲಿಲ್ಲ.

ದಾರಿಯಲ್ಲಿ ಒಂದು ಕಡೆ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಗೋಪಾಲಪ್ಪ ಯಾರನ್ನೋ ಮಾತಾಡಿಸಲು ಆಚೆ ಹೋದ. ಅಪ್ಪಯ್ಯಣ್ಣ ಗಾಡಿಯ ಹಿಂದಕ್ಕೆ ಬಂದು ನಿಂತ.

“ಹೆಂಗ್ ಗೊತ್ತಾಯ್ತಲಾ ನಿಂಗೆ?” ಎಂದ.

ಲಕ್ಷ್ಮಯ್ಯ ಹುಲ್ಲಿನ ಕಡ್ಡಿಯೊಂದನ್ನು ಮುರಿದ. “ಕ್ಯಾಂಪಲ್ಲಿ ನಾನು ದೊರೆಗಳ ಬೆನ್ನ ಹಿಂದೆ ತಟ್ಟೆ ಹಿಡ್ಕಂಡು ನಿಂತಿರ್ತಿದ್ದೆ ಅಣ್ಣ. ಮುಖ ಕಾಣ್ತಿರ್ಲಿಲ್ಲ. ಕೈ ಒಂದೇ ಕಾಣ್ತಿದ್ದದ್ದು. ಅದನ್ನೇ ನೋಡ್ತಾ ನಾಕು ವರ್ಷ ಕಳೆದೆ.” ಆಮೇಲೆ ಮೆಲ್ಲಗೆ ಸೇರಿಸಿದ. “ನಿಮ್ ಮುಖ ನೋಡ್ಕಂಡು ಆಡಿದ್ರೆ ಯಾರೂ ಗೆಲ್ಲಕಾಗಲ್ಲ. ಒಳ್ಳೇ ಎಲೆ ಬಂದಾಗ ಟವಲಿನ ಕೆಳಗೆ ನಿಮ್ ಬಲಗೈ ಬೆರಳು ತೊಡೆ ಮ್ಯಾಲೆ ಬೆಲೆ ಒತ್ತುತ್ತೆ. ಏನೂ ಇಲ್ದಾಗ ಸುಮ್ಕಿರುತ್ತೆ. ನಿಮ್ ಬೆರಳಿಗೆ ಸುಳ್ಳು ಬರಲ್ಲ ಅಣ್ಣ. ಇವತ್ತೂ ಬರ್ಲಿಲ್ಲ.”

ಅಪ್ಪಯ್ಯಣ್ಣನಿಗೆ ಬಯ್ಯಬೇಕೆನ್ನಿಸಿತು, ಕಾಲಿಗೆ ಬೀಳಬೇಕೆನ್ನಿಸಿತು, ಗಾಡಿಯ ಗೂಟ ಕಿತ್ತು ತಲೆಗೆ ಬಡಿಯಬೇಕೆನ್ನಿಸಿತು. ಯಾಕೆ ಹೇಳಿಬಿಡಲಿಲ್ಲ ಎಲ್ಲರಿಗೂ ಎಂದು ಮಾತ್ರ ಕೇಳಿದ.

“ನಂಗೆ ಆ ಜಾಗ ಬ್ಯಾಡಾಗಿತ್ತು,” ಎಂದ ಲಕ್ಷ್ಮಯ್ಯ. “ನಿಮಗೆ ಬೇಕಾಗಿತ್ತು.”

ಈ ಮಾತು ಅಪ್ಪಯ್ಯಣ್ಣನಿಗೆ ತಾಗಿದಷ್ಟು ಯಾವ ಬೈಗುಳವೂ ತಾಗುತ್ತಿರಲಿಲ್ಲ. ಅವನು ಪ್ರಾಣಕ್ಕೆ ಪ್ರಾಣ ಕೊಟ್ಟು ಕಾಯ್ದುಕೊಂಡ ಜಾಗವನ್ನು ಈ ಮನುಷ್ಯ ಬೇಡದ ಎಲೆಯ ಹಾಗೆ ಕೆಳಗಿಟ್ಟಿದ್ದ. ಗೆಲ್ಲಲೇಬೇಕೆಂದು ಕೂತವನ ಕೈ ನಡುಗುತ್ತದೆ, ಗೆದ್ದರೂ ಸರಿ ಬಿಟ್ಟರೂ ಸರಿ ಅನ್ನುವವನದು ನಡುಗುವುದಿಲ್ಲ. ಅಂಥ ಎತ್ತನ್ನು ಅಪ್ಪಯ್ಯಣ್ಣ ಯಾವ ಸಂತೆಯಲ್ಲೂ ಕಂಡಿರಲಿಲ್ಲ, ಆದ್ದರಿಂದ ಅಂಥ ಮನುಷ್ಯನಿರಬಹುದೆಂದು ಎಣಿಸಿಯೂ ಇರಲಿಲ್ಲ.

ಮುಂದೆ ಹತ್ತೊಂಬತ್ತು ವರ್ಷ ಅಪ್ಪಯ್ಯಣ್ಣ ಗೋಪಾಲಪ್ಪನ ಗಾಡಿಯಲ್ಲಿ ಪಕ್ಕಕ್ಕೇ ಕೂತ. ಅವನ ಕೈಯ ಕೀರ್ತಿ ಶಿವಗಂಗೆ ಕಡೆಯವರೆಗೂ ಹೋಯಿತು. ಹೊಂಗೆಮರದ ಕೆಳಗೆ ಆಟವೂ ನಡೆಯುತ್ತಿತ್ತು. ಅಪ್ಪಯ್ಯಣ್ಣ ಎರಡು ಕೈಯಲ್ಲೂ ಎಲೆ ಹಿಡಿದು ಆಡಲು ಕಲಿತ, ಆಗಾಗ ಗೆದ್ದ, ಗೆದ್ದಾಗ ಲಕ್ಷ್ಮಯ್ಯ ಬೇಕೆಂದೇ ಬಿಟ್ಟುಕೊಟ್ಟನೋ ಏನೋ ಎಂಬ ಅನುಮಾನದಲ್ಲಿ ಕಾಫಿ ಕಹಿಯಾಯಿತು.

ಮುನಿಶಾಮಪ್ಪನ ಎತ್ತಿನ ಕಥೆ ಗೋಪಾಲಪ್ಪನಿಗೆ ಬಾಯಿಪಾಠ. ಮದುವೆಮನೆಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ, ಹೊಸಬರು ಯಾರು ಬಂದರೂ ಹೇಳುತ್ತಿದ್ದ. ಅಪ್ಪಯ್ಯಣ್ಣ ಬಾಯಿ ಬಿಟ್ಟು ಹೇಳಿ ಸ್ವಂತ ಗಿರಾಕಿಯನ್ನೇ ಕಳೆದುಕೊಂಡ, ನನ್ನ ಮರ್ಯಾದೆ ಉಳಿಸಿದ, ಬೇಕಾದರೆ ಲಕ್ಷ್ಮಯ್ಯನನ್ನೇ ಕೇಳಿ ಎನ್ನುತ್ತಿದ್ದ. ಲಕ್ಷ್ಮಯ್ಯ ಹೌದು ಯಜಮಾನ್ರೇ ಎನ್ನುತ್ತಿದ್ದ. ಪ್ರತಿ ಸಲವೂ ಅಪ್ಪಯ್ಯಣ್ಣ ಆ ಮುಖವನ್ನೇ ನೋಡುತ್ತಿದ್ದ. ತುಟಿಯ ತುದಿಯಲ್ಲಿ ಒಂದೇ ಒಂದು ಸಲ ನಗು ಸುಳಿದಿದ್ದರೆ, ಕಣ್ಣು ಒಂದೇ ಸಲ ತನ್ನ ಕಡೆ ತಿರುಗಿದ್ದರೆ, ಅವತ್ತೇ ಅವನನ್ನು ಕ್ಷಮಿಸಿಬಿಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಲಕ್ಷ್ಮಯ್ಯ ಆ ಅವಕಾಶವನ್ನು ಅವನಿಗೆ ಕೊಡಲಿಲ್ಲ.